ಕಲ್ಲುಹೂವಿಗೆ ಕುಲ ಹುಡುಕಿದ ವೈದ್ಯ

ಒಂದು ಜೀವಿ ಏನೆಂದು ಪೂರ್ತಿ ತಿಳಿಯುವ ಮೊದಲೇ ಅದಕ್ಕೆ ಇನ್ನೂರು ವರ್ಷ ಬಾಳುವ ಹೆಸರು ಇಡಬಹುದೇ? ಇಡಬಹುದು. ಸ್ವೀಡನ್ನಿನ ಎರಿಕ್ ಅಕಾರಿಯಸ್ ಇಟ್ಟರು. ನಾವು ಕಲ್ಲುಹೂವು ಎಂದು ಕರೆಯುವ ಲೈಕೆನ್‌ಗಳು ಹೂಬಿಡದ ಒಂದು ಬಗೆಯ ಸಸ್ಯ ಎಂದೇ ಅವರ ಕಾಲದ ಎಲ್ಲರೂ ತಿಳಿದಿದ್ದರು, ಅವರೂ ಹಾಗೆಯೇ ತಿಳಿದಿದ್ದರು. ಅವರು ತೀರಿಕೊಂಡು ಅರ್ಧ ಶತಮಾನ ತುಂಬುವ ಮೊದಲೇ ಆ ತಿಳಿವಳಿಕೆ ಬಿದ್ದುಹೋಯಿತು. ಹೆಸರುಗಳು ಮಾತ್ರ ಬೀಳಲಿಲ್ಲ. ಅವರು ಕಟ್ಟಿದ ಕುಲಗಳಲ್ಲಿ ಹಲವು ಇಂದಿಗೂ ಬಳಕೆಯಲ್ಲಿವೆ. ಲೈಕೆನ್‌ಗಳ ಅಂಗಾಂಗಗಳನ್ನು ವರ್ಣಿಸಲು ಅವರು ತಂದ ಪದಗಳಿಲ್ಲದೆ ಇಂದಿನ ವಿಜ್ಞಾನಿ ಒಂದು ವಾಕ್ಯವನ್ನೂ ಬರೆಯಲಾರರು. ಹೀಗೆ ಆದದ್ದು ಅದೃಷ್ಟದಿಂದಲೋ ದೃಷ್ಟಿಯಿಂದಲೋ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಮೊದಲು ಲೈಕೆನ್ ಎಂದರೆ ಯಾವುದು ಎಂದು ಹೇಳಿಬಿಡುತ್ತೇನೆ, ಏಕೆಂದರೆ ನೋಡದವರು ಯಾರೂ ಇಲ್ಲ, ಗಮನಿಸಿದವರು ಕಡಿಮೆ. ಮಲೆನಾಡಿನ ಅಡಿಕೆ ಮರದ ಕಾಂಡದ ಮೇಲೆ ಸುಣ್ಣ ಬಳಿದ ಹಾಗೆ ಕಾಣುವ ಬಿಳಿ, ಬೂದು, ತಿಳಿಹಸಿರು ಮಚ್ಚೆಗಳು ಲೈಕೆನ್‌ಗಳು. ಹಳೆಯ ದೇವಸ್ಥಾನದ ಕಲ್ಲುಗೋಡೆಯ ಮೇಲಿನ ಕಿತ್ತಳೆ, ಹಳದಿ ಬಣ್ಣದ ಕಲೆಗಳಲ್ಲಿ ಬಹಳಷ್ಟು ಅವೇ. ಪಶ್ಚಿಮಘಟ್ಟದ ಎತ್ತರದ ಕಾಡುಗಳಲ್ಲಿ ಮರದ ಕೊಂಬೆಗಳಿಂದ ಜೋಲುವ ಬೂದುಹಸಿರು ಗಡ್ಡವೂ ಅದೇ ಬಳಗದ್ದು. ಮರಕ್ಕೆ ರೋಗ ಹತ್ತಿದೆ ಎಂದು ಹೆದರಿ ಕೆಲವರು ಇವನ್ನು ಕೆರೆದು ತೆಗೆಯುವುದುಂಟು. ಅದು ಬೇಡದ ಕೆಲಸ. ಲೈಕೆನ್ ಮರದ ಸಾರ ಹೀರುವುದಿಲ್ಲ, ತೊಗಟೆ ಅದಕ್ಕೆ ಬರೀ ನೆಲೆ. ತನ್ನ ಅನ್ನವನ್ನು ಅದು ತನ್ನೊಳಗೇ ಬೇಯಿಸಿಕೊಳ್ಳುತ್ತದೆ. ಮೈ ಪೂರ್ತಿ ಶಿಲೀಂಧ್ರದ ಎಳೆಗಳ ಹೆಣಿಗೆ. ಆ ಹೆಣಿಗೆಯ ನಡುವೆ ಸೂಕ್ಷ್ಮ ಪಾಚಿಯ ಅಥವಾ ನೀಲಿ-ಹಸಿರು ಬ್ಯಾಕ್ಟೀರಿಯಾದ ಕಣಗಳು ಬಿಸಿಲಿನಿಂದ ಸಕ್ಕರೆ ತಯಾರಿಸುತ್ತವೆ. ಶಿಲೀಂಧ್ರ ನೆರಳು, ನೀರು, ಆಸರೆ ಕೊಡುತ್ತದೆ, ಪಾಚಿ ಊಟ ಕೊಡುತ್ತದೆ. ಜಗತ್ತಿನಲ್ಲಿ ಇಂಥವು ಸುಮಾರು 20,000 ಪ್ರಭೇದಗಳಿವೆ ಎಂಬುದು ಈಗಿನ ಅಂದಾಜು.

ಇಷ್ಟು ದೊಡ್ಡ ಬಳಗವನ್ನು ಆಧುನಿಕ ಸಸ್ಯಶಾಸ್ತ್ರ ಮೊದಲು ನಡೆಸಿಕೊಂಡ ರೀತಿ ಅನ್ಯಾಯದ್ದು ಎಂದೇ ಹೇಳಬೇಕು. 1753ರಲ್ಲಿ ಕಾರ್ಲ್ ಲಿನೇಯಸ್ ‘ಸ್ಪೀಶೀಸ್ ಪ್ಲಾಂಟಾರಂ’ ಹೊರತಂದರು. ಗಿಡಮರಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ನೆಲೆಯಾದದ್ದು ಆ ಪುಸ್ತಕದಿಂದ. ಹೂವಿನ ಕೇಸರ, ಶಲಾಕೆಗಳನ್ನು ಎಣಿಸಿ ಅವರು ಸಸ್ಯಗಳನ್ನು ವರ್ಗ ಮಾಡಿದರು. ಹೂವೇ ಇಲ್ಲದವುಗಳಿಗೆ ಆ ಎಣಿಕೆ ನಡೆಯುವಂತಿಲ್ಲ. ಅವೆಲ್ಲ ಕೊನೆಯ, ಇಪ್ಪತ್ನಾಲ್ಕನೆಯ ವರ್ಗಕ್ಕೆ ಹೋದವು. ಅಲ್ಲಿಯೂ ಪಾಚಿಗಳ ಸಾಲಿನೊಳಗೆ ‘ಲೈಕೆನ್’ ಎಂಬ ಒಂದೇ ಒಂದು ಕುಲ ಮಾಡಿ, ತಮಗೆ ಗೊತ್ತಿದ್ದ ಸುಮಾರು 80 ಪ್ರಭೇದಗಳನ್ನು ಲಿನೇಯಸ್ ಅದರಲ್ಲಿ ಇಟ್ಟರು. ಬಂಡೆಗೆ ಅಂಟಿದ ತೆಳು ಹೊರಪದರವೂ ಅದೇ ಕುಲ, ಎಲೆಯಂತೆ ಹರಡುವುದೂ ಅದೇ ಕುಲ, ಕೊಂಬೆಯಿಂದ ಗಜ ಉದ್ದ ಜೋಲುವುದೂ ಅದೇ ಕುಲ. ಅವರಿಗಿಂತ ಮೊದಲೇ, 1729ರಲ್ಲಿ, ಫ್ಲಾರೆನ್ಸಿನ ಮಿಕೇಲಿ ಲೈಕೆನ್‌ಗಳನ್ನು ಹಲವು ಗುಂಪು ಮಾಡಿ ಚಿತ್ರ ಬರೆದಿದ್ದರು. 1741ರಲ್ಲಿ ಆಕ್ಸ್‌ಫರ್ಡಿನ ಡಿಲೇನಿಯಸ್ ಹಾವಸೆಗಳ ಜೊತೆಗೆ ಇವನ್ನೂ ವಿವರವಾಗಿ ನೋಡಿದ್ದರು. ಲಿನೇಯಸ್ ಆ ದಾರಿ ಹಿಡಿಯಲಿಲ್ಲ. ಹೂಬಿಡುವ ಸಸ್ಯಗಳ ಪ್ರಪಂಚವನ್ನು ಸರಿಪಡಿಸುವುದೇ ಅವರಿಗೆ ಸಾಕಷ್ಟಿತ್ತು.

ಅವರ ಕೈಕೆಳಗೆ ಪ್ರಬಂಧ ಮಂಡಿಸಿದ ಕೊನೆಯ ವಿದ್ಯಾರ್ಥಿಯೇ ಆ ಒಂದು ಕುಲವನ್ನು ಬಿಡಿಸಿ ಹತ್ತಾರು ಮಾಡಿದರು.

ಎರಿಕ್ ಅಕಾರಿಯಸ್ ಹುಟ್ಟಿದ್ದು 1757ರ ಅಕ್ಟೋಬರಿನಲ್ಲಿ, ಬಾಲ್ಟಿಕ್ ಕಡಲಂಚಿನ ಯೆವ್ಲೆ ಪಟ್ಟಣದಲ್ಲಿ. 1773ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಬಂದಾಗ ಲಿನೇಯಸ್ ಮುದುಕರಾಗಿದ್ದರು. 1776ರಲ್ಲಿ ಅಕಾರಿಯಸ್ ಅವರೆದುರು ಮಂಡಿಸಿದ ಪ್ರಬಂಧದ ವಿಷಯ ಒಂದು ವಿಚಿತ್ರ ಸಸ್ಯ. ಲಿನೇಯಸ್‌ರ ಇನ್ನೊಬ್ಬ ಶಿಷ್ಯ ಥುನ್‌ಬರ್ಗ್ ಆಫ್ರಿಕಾದ ದಕ್ಷಿಣ ತುದಿಯಲ್ಲಿ ಅದನ್ನು ಕಂಡಿದ್ದರು. ಎಲೆಯಿಲ್ಲ, ಹಸಿರಿಲ್ಲ, ಬೇರೆ ಗಿಡದ ಬೇರಿಗೆ ಅಂಟಿಕೊಂಡು ಬದುಕಿ, ಮಣ್ಣಿನಿಂದ ತಿರುಳಿನಂಥ ಹೂವನ್ನು ಮಾತ್ರ ಹೊರಗೆ ತಳ್ಳುತ್ತದೆ. ಥುನ್‌ಬರ್ಗ್ ಅದನ್ನು ಅಣಬೆಯ ಜಾತಿ ಎಂದು ಬರೆದಿದ್ದರು. ಅದು ಶಿಲೀಂಧ್ರವಲ್ಲ, ಹೂಬಿಡುವ ಸಸ್ಯ ಎಂಬುದು ಅಕಾರಿಯಸ್‌ರ ಪ್ರಬಂಧದಲ್ಲಿತ್ತು. ಇಂದು ಹೈಡ್ನೋರಾ ಎಂದು ಕರೆಯುವುದು ಅದನ್ನೇ. ಇಪ್ಪತ್ತು ತುಂಬುವ ಮೊದಲೇ ಸಸ್ಯಕ್ಕೂ ಶಿಲೀಂಧ್ರಕ್ಕೂ ನಡುವಿನ ಗಡಿಯನ್ನು ಕುರಿತು ಬರೆದವರು ಮುಂದೆ ಜೀವನವಿಡೀ ಆ ಗಡಿಯ ಮೇಲೆಯೇ ಕೆಲಸ ಮಾಡಿದರು.

ಮುಂದಿನ ವರ್ಷಗಳು ಸಾಮಾನ್ಯ ವಿದ್ಯಾವಂತನ ಬದುಕಿನ ವರ್ಷಗಳು. ಸ್ಟಾಕ್‌ಹೋಮಿನ ರಾಯಲ್ ಸ್ವೀಡಿಷ್ ವಿಜ್ಞಾನ ಅಕಾಡೆಮಿಗೆ ಚಿತ್ರ ಬರೆದುಕೊಟ್ಟರು. 1782ರಲ್ಲಿ ಲುಂಡ್‌ನಲ್ಲಿ ವೈದ್ಯಕೀಯ ಓದು ಮುಗಿಸಿದರು. 1785ರಲ್ಲಿ ವಾಡ್‌ಸ್ಟೆನಾ ಎಂಬ ಊರಿಗೆ ವೈದ್ಯರಾಗಿ ಹೋದವರು ಕೊನೆಯವರೆಗೂ ಅಲ್ಲೇ ನಿಂತರು. ವೆಟ್ಟರ್ನ್ ಸರೋವರದ ದಂಡೆಯ ಆ ಸಣ್ಣ ಊರಿನಲ್ಲಿ ವಿಶ್ವವಿದ್ಯಾಲಯವಿಲ್ಲ, ಸಸ್ಯೋದ್ಯಾನವಿಲ್ಲ. 1789ರಲ್ಲಿ ಜಿಲ್ಲೆಯ ವೈದ್ಯಾಧಿಕಾರಿಯಾದರು, 1795ರಲ್ಲಿ ತಾವೇ ಮುಂದೆ ನಿಂತು ಮಾಡಿಸಿದ ಆಸ್ಪತ್ರೆಗೆ ಮುಖ್ಯಸ್ಥರಾದರು. ಅವರಿಗೆ ಲೈಕೆನ್ ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ, ಚಿತ್ರಕಾರನ ಕಣ್ಣಿನಿಂದ ಮಾಡಿದ ಕೆಲಸ ಅದು. ಈ ಚಿತ್ರಕಾರನ ಕಣ್ಣು ಎಂಬುದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಒಂದು ವಸ್ತುವನ್ನು ಕಾಗದದ ಮೇಲೆ ಬಿಡಿಸುವವರು ಅದರ ಅಂಚು ಎಲ್ಲಿ ಮುಗಿಯುತ್ತದೆ, ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ತೀರ್ಮಾನಿಸಲೇಬೇಕು. ಅಕಾರಿಯಸ್‌ರ ವರ್ಗೀಕರಣ ನಿಂತಿರುವುದು ಇಂಥ ಅಂಚುಗಳ ಮೇಲೆ.

1798ರಲ್ಲಿ ಮೊದಲ ಪುಸ್ತಕ, ಸ್ವೀಡನ್ನಿನ ಲೈಕೆನ್‌ಗಳ ‘ಪ್ರೋಡ್ರೋಮಸ್’, ಬಂತು. ಅದರಲ್ಲಿ ಅವರು ಗುರುವಿನ ಒಂದೇ ಕುಲವನ್ನು ಇನ್ನೂ ಬಿಟ್ಟಿರಲಿಲ್ಲ. ಅದರೊಳಗೇ ಗುಂಪುಗಳನ್ನು ಮಾಡಿ ತೋರಿಸಿದರು. ಐದು ವರ್ಷದ ಮೇಲೆ, 1803ರಲ್ಲಿ, ‘ಮೆಥಡಸ್ ಲೈಕೆನಮ್’ ಹೊರಬಂದಾಗ ಸಂಕೋಚ ಹೋಗಿತ್ತು. ಗುಂಪುಗಳು ಸ್ವತಂತ್ರ ಕುಲಗಳಾಗಿ ನಿಂತವು. 1810ರಲ್ಲಿ ಗ್ಯೊಟಿಂಗೆನ್‌ನಿಂದ ಪ್ರಕಟವಾದ ‘ಲೈಕೆನೋಗ್ರಾಫಿಯಾ ಯುನಿವರ್ಸಾಲಿಸ್’ ಏಳುನೂರು ಪುಟಗಳ ಹತ್ತಿರದ ಗ್ರಂಥ. ಆಗ ಜಗತ್ತಿನಲ್ಲಿ ತಿಳಿದಿದ್ದ ಲೈಕೆನ್‌ಗಳನ್ನೆಲ್ಲ ಒಂದೆಡೆ ತರುವ ಹಂಬಲ ಅದರದು. 1814ರ ‘ಸಿನಾಪ್ಸಿಸ್’ ಅದನ್ನು ತಿದ್ದಿ, ಹೊಸದನ್ನು ಸೇರಿಸಿ, ಕೈಗೆ ಸುಲಭವಾಗಿ ಸಿಗುವಂತೆ ಮಾಡಿತು. ಪಾರ್ಮೀಲಿಯಾ, ಸೆಟ್ರಾರಿಯಾ, ಲೆಸಿಡಿಯಾ, ಲೆಕನೋರಾ, ರಾಮಲೀನಾ, ಎವರ್ನಿಯಾ, ಅಲೆಕ್ಟೋರಿಯಾ, ಥೆಲೋಟ್ರೀಮಾ – ಲೈಕೆನ್ ಓದುವವರಿಗೆ ನಿತ್ಯದ ಮಾತಾಗಿರುವ ಈ ಕುಲಗಳೆಲ್ಲ ಆ ಪುಸ್ತಕಗಳ ಕಾಲದಲ್ಲಿ ಅವರ ಕೈಯಿಂದಲೇ ಬಂದವು.

ಕುಲದಿಂದ ಕುಲವನ್ನು ಅವರು ಬೇರ್ಪಡಿಸಿದ್ದು ಹೇಗೆ ಎಂಬುದೇ ಇಲ್ಲಿನ ಮುಖ್ಯ ವಿಷಯ. ಅವರಿಗಿಂತ ಮೊದಲು ಬಹುತೇಕ ಎಲ್ಲರೂ ನೋಡಿದ್ದು ಲೈಕೆನ್‌ನ ಒಟ್ಟು ಆಕಾರವನ್ನು: ಹಪ್ಪಳೆಯಾಗಿದೆಯೋ, ಎಲೆಯಾಗಿದೆಯೋ, ಪೊದೆಯಾಗಿದೆಯೋ. ಅಕಾರಿಯಸ್ ಅದನ್ನು ಬಿಡಲಿಲ್ಲ, ಆದರೆ ಅದರ ಮೇಲಿನ ಪುಟ್ಟ ಬಟ್ಟಲುಗಳ ಕಡೆಗೆ, ಗುಂಡಿಗಳ ಕಡೆಗೆ, ಗೀರುಗಳ ಕಡೆಗೆ ಮಸೂರ ತಿರುಗಿಸಿದರು. ಇವು ಲೈಕೆನ್‌ನ ಫಲಾಂಗಗಳು. ಕೆಲವು ಒಂದು ಮಿಲಿಮೀಟರಿಗಿಂತ ಸಣ್ಣವು. ಅವುಗಳಿಗೆ ಅಪೊಥೀಸಿಯಂ ಎಂದು ಹೆಸರಿಟ್ಟರು.

ಈ ಬಟ್ಟಲನ್ನು ಒಮ್ಮೆ ಮಸೂರದಲ್ಲಿ ನೋಡಿದವರಿಗೆ ಅಕಾರಿಯಸ್‌ರ ವಿಧಾನ ಮನಸ್ಸಿಗೆ ಹೊಳೆಯುತ್ತದೆ. ಅದು ಹಣತೆಯ ಹಾಗಿರುತ್ತದೆ: ನಡುವೆ ಒಂದು ಬಿಲ್ಲೆ, ಸುತ್ತ ಒಂದು ಅಂಚು. ಕೆಲವು ಲೈಕೆನ್‌ಗಳಲ್ಲಿ ನಡುವಿನ ಬಿಲ್ಲೆ ಕಂದು, ಕಪ್ಪು ಅಥವಾ ಕೆಂಪು, ಆದರೆ ಅಂಚಿನ ಬಣ್ಣ ಲೈಕೆನ್‌ನ ಮೈಬಣ್ಣವೇ. ಅಂದರೆ ಮೈಯೇ ಮೇಲೆದ್ದು ಬಟ್ಟಲಿಗೆ ಕಟ್ಟೆ ಕಟ್ಟಿದೆ. ಇಂಥವು ಲೆಕನೋರಾ. ಇನ್ನು ಕೆಲವುಗಳಲ್ಲಿ ಅಂಚೂ ಬಿಲ್ಲೆಯದೇ ಬಣ್ಣ, ಸಾಮಾನ್ಯವಾಗಿ ಕಪ್ಪು. ಲೈಕೆನ್‌ನ ಮೈಗೆ ಅದರಲ್ಲಿ ಪಾಲಿಲ್ಲ. ಇಂಥವು ಲೆಸಿಡಿಯಾ. ಎರಡೂ ಬಂಡೆಯ ಮೇಲೆ ಅಕ್ಕಪಕ್ಕದಲ್ಲೇ ಬೂದು ಮಚ್ಚೆಗಳಾಗಿ ಬೆಳೆದಿರಬಹುದು, ನಿಂತು ನೋಡಿದರೆ ಒಂದೇ ಎನಿಸಬಹುದು. ಬಗ್ಗಿ ಅಂಚನ್ನು ನೋಡಿದರೆ ಬೇರೆ. ಆ ಒಂದು ಅಂಚಿನ ವ್ಯತ್ಯಾಸದ ಹಿಂದೆ ರಚನೆಯ ವ್ಯತ್ಯಾಸವೂ ಇದೆ: ಲೆಕನೋರಾದ ಅಂಚಿನಲ್ಲಿ ಪಾಚಿಕಣಗಳಿರುತ್ತವೆ, ಲೆಸಿಡಿಯಾದ ಅಂಚಿನಲ್ಲಿ ಇರುವುದಿಲ್ಲ. ಪಾಚಿಯ ವಿಷಯ ಅಕಾರಿಯಸ್‌ಗೆ ಗೊತ್ತಿರಲಿಲ್ಲ. ಬಣ್ಣ ಗೊತ್ತಿತ್ತು, ಅಷ್ಟು ಸಾಕಾಯಿತು. ಇಂದಿಗೂ ಫಲಾಂಗವನ್ನು ವರ್ಣಿಸುವಾಗ ‘ಲೆಕನೋರಾ ಬಗೆ’, ‘ಲೆಸಿಡಿಯಾ ಬಗೆ’ ಎಂದೇ ಹೇಳುವುದು. ಲೈಕೆನ್ ಗುರುತಿಸುವ ಪಾಠದಲ್ಲಿ ಬೇಗ ಕಲಿಯಬೇಕಾದ ಭೇದಗಳಲ್ಲಿ ಇದೊಂದು.

ಅವರ ಕಾಲದ ಸೂಕ್ಷ್ಮದರ್ಶಕಗಳಲ್ಲಿ ವಸ್ತುವಿನ ಸುತ್ತ ಬಣ್ಣದ ಬಳೆಗಳು ಕಾಣುತ್ತಿದ್ದವು, ಬಿಂಬ ಮಸುಕಾಗುತ್ತಿತ್ತು. ಆ ದೋಷ ಸರಿಹೋದದ್ದು ಅವರು ತೀರಿಹೋದ ಮೇಲೆ, 1830ರ ಆಸುಪಾಸಿನಲ್ಲಿ. ಬೀಜಕಣಗಳ ಆಕಾರ, ಅವುಗಳ ಕೋಣೆಗಳ ಸಂಖ್ಯೆ ನೋಡಿ ವರ್ಗ ಮಾಡುವ ಕೆಲಸ ಇಟಲಿಯ ಡಿ ನೊಟಾರಿಸ್, ಮಸಲೊಂಗೊ ಮೊದಲಾದವರ ಕೈಯಲ್ಲಿ ಶತಮಾನದ ನಡುಭಾಗದಲ್ಲಷ್ಟೇ ಬೆಳೆಯಿತು. ಇದನ್ನು ನೆನೆದಾಗ ಅಕಾರಿಯಸ್ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ. ಅವರ ಬಳಿ ಇದ್ದ ಉಪಕರಣ ಅಷ್ಟೇ, ಆದರೆ ಅದು ಎಲ್ಲಿಯವರೆಗೆ ತೋರಿಸಬಲ್ಲದೋ ಅಲ್ಲಿಯವರೆಗೂ ನೋಡಿದರು.

ಹೆಸರುಗಳ ಬಗ್ಗೆ ಹೇಳಿದೆ. ಪದಗಳ ಬಗ್ಗೆಯೂ ಹೇಳಬೇಕು. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಅದೇ. ಬೇರು, ಕಾಂಡ, ಎಲೆ ಎಂದು ಬಿಡಿಸಿ ಹೇಳಲಾಗದ ಮೈಗೆ ‘ಥಾಲಸ್’ ಎಂಬ ಪದವನ್ನು ಬಳಕೆಗೆ ತಂದವರು ಅವರು. ಇಂದು ಪಿಯುಸಿ ಪುಸ್ತಕದಲ್ಲಿ ಪಾಚಿಗಳ ಬಗ್ಗೆ ಓದುವ ಹುಡುಗರೂ ಈ ಪದವನ್ನು ಕಲಿಯುತ್ತಾರೆ. ಅದು ಲೈಕೆನ್ ನೋಡುತ್ತಿದ್ದ ಊರ ವೈದ್ಯರೊಬ್ಬರ ಬಳುವಳಿ ಎಂದು ಪುಸ್ತಕ ಹೇಳುವುದಿಲ್ಲ. ಮೈಮೇಲಿನ ಹಿಟ್ಟಿನಂಥ ಪುಡಿಗೆ ಸೊರೀಡಿಯಂ, ಕ್ಲಾಡೋನಿಯಾ ಕುಲದ ಲೈಕೆನ್‌ಗಳಲ್ಲಿ ಎದ್ದು ನಿಲ್ಲುವ ಟೊಳ್ಳು ದಂಟಿಗೆ ಪೊಡೀಶಿಯಂ, ಕೆಲವು ಲೈಕೆನ್‌ಗಳ ಮೇಲಿನ ಕಡುಬಣ್ಣದ ಗಂಟಿಗೆ ಸೆಫಲೋಡಿಯಂ, ಕೆಳಮೈಯ ಉಸಿರುಗುಳಿಗೆ ಸೈಫೆಲ್ಲಾ – ಎಲ್ಲ ಅವರವೇ. ಒಂದು ಅಂಗಕ್ಕೆ ಹೆಸರಿಲ್ಲದಿದ್ದರೆ ಇಬ್ಬರು ವಿಜ್ಞಾನಿಗಳು ತಾವು ಒಂದೇ ವಸ್ತುವನ್ನು ನೋಡುತ್ತಿದ್ದೇವೋ ಎಂದು ಖಚಿತಪಡಿಸಿಕೊಳ್ಳುವುದೇ ಕಷ್ಟ. ಪ್ರಭೇದಗಳ ಹೆಸರು ಬದಲಾಗುತ್ತಾ ಹೋಗಬಹುದು, ಆದರೆ ಅಂಗಗಳ ಹೆಸರು ನೆಲೆಯಾದರೆ ಮುಂದಿನವರ ವಾದ, ತಿದ್ದುಪಡಿ ಎರಡೂ ಸುಗಮ.

ಇದರಲ್ಲಿ ಅವರ ತಪ್ಪುಗಳೂ ಉಪಯೋಗಕ್ಕೆ ಬಂದವು. ಮೈಮೇಲೆ ಸಣ್ಣ ಕಡ್ಡಿಗಳಂತೆ ಎದ್ದುನಿಂತ ಬೆಳವಣಿಗೆ ಇರುವ ಲೈಕೆನ್‌ಗಳನ್ನು ಅವರು ಇಸಿಡಿಯಂ ಎಂಬ ಪ್ರತ್ಯೇಕ ಕುಲ ಮಾಡಿದ್ದರು. ಅದು ಕುಲದ ಲಕ್ಷಣವಲ್ಲ, ಬೇರೆ ಬೇರೆ ಕುಲಗಳ ಲೈಕೆನ್‌ಗಳು ಮುರಿದು ಚದುರಿ ಹೊಸ ಲೈಕೆನ್‌ಗಳಾಗಲು ಮಾಡಿಕೊಂಡ ಉಪಾಯ ಎಂದು ಆಮೇಲೆ ತಿಳಿಯಿತು. ಕುಲ ಅಳಿಯಿತು, ಆ ಕಡ್ಡಿಗಳಿಗೆ ಇಸಿಡಿಯಂ ಎಂಬ ಹೆಸರು ಉಳಿಯಿತು. ಸೆನೊಮೈಸಿ ಎಂದು ಅವರು ಹೆಸರಿಟ್ಟ ಕುಲಕ್ಕೆ ಕ್ಲಾಡೋನಿಯಾ ಎಂಬ ಹಳೆಯ ಹೆಸರು ಅದಾಗಲೇ ಇತ್ತು. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬ ನಿಯಮ ಬಂದಾಗ ಅವರದು ಬಿದ್ದುಹೋಯಿತು. ಫಲಾಂಗವೇ ಕಾಣದೆ ಬರೀ ಪುಡಿಯಾಗಿ ಹಬ್ಬುವ ಲೈಕೆನ್‌ಗಳಿಗೆ ಅವರು ಕೊಟ್ಟ ಲೆಪ್ರಾರಿಯಾ ಎಂಬ ಹೆಸರು ಮಾತ್ರ ಇನ್ನೂ ಇದೆ.

ವಾಡ್‌ಸ್ಟೆನಾದಲ್ಲಿ ಕುಳಿತು ಜಗತ್ತಿನ ಲೈಕೆನ್‌ಗಳನ್ನು ವರ್ಣಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅಂಚೆಯಲ್ಲಿ ಬರುತ್ತಿದ್ದ ಪೊಟ್ಟಣಗಳು ಅವರ ಕೈಕಾಲು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಅಲೆದು ಬಂದಿದ್ದ ಓಲೋಫ್ ಸ್ವಾರ್ಟ್ಸ್ ಅವರ ಆಪ್ತ ಗೆಳೆಯ. ಉಷ್ಣವಲಯದ ಮರಗಳ ತೊಗಟೆಯ ಮೇಲಿನ ಲೈಕೆನ್‌ಗಳು ಅಕಾರಿಯಸ್ ಕಣ್ಣಿಗೆ ಬಿದ್ದದ್ದು ಅವರಿಂದ. ಇಂಗ್ಲೆಂಡಿನ ಡಾಸನ್ ಟರ್ನರ್ ಮೊದಲಾದವರ ಜೊತೆ ಪತ್ರ, ಮಾದರಿಗಳ ವಿನಿಮಯ ನಡೆಯುತ್ತಿತ್ತು. ಹೀಗೆ ಕೂಡಿದ ಸಂಗ್ರಹದ ಮುಖ್ಯ ಭಾಗ ಈಗ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿದೆ. ಉಪ್ಸಾಲಾದಲ್ಲಿ, ಲಂಡನ್ನಿನಲ್ಲಿ ಸ್ವಲ್ಪ ಇದೆ. ಇವು ನೆನಪಿನ ಕಾಣಿಕೆಗಳಲ್ಲ. ಒಂದು ಪ್ರಭೇದದ ಹೆಸರು ಯಾವ ಜೀವಿಗೆ ಸಲ್ಲಬೇಕು ಎಂಬ ಜಗಳ ಬಂದರೆ ತೀರ್ಪು ಹೇಳುವುದು ಮೊದಲು ಹೆಸರಿಟ್ಟವರು ನೋಡಿದ ಮಾದರಿ. ಅಕಾರಿಯಸ್ ಇಟ್ಟ ಹೆಸರೊಂದನ್ನು ಇಂದು ಪ್ರಶ್ನಿಸುವವರು ಅವರು ಅಂಟಿಸಿಟ್ಟ ಆ ತೊಗಟೆ ಚೂರನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಈಗ ಅದೃಷ್ಟವೋ ದೃಷ್ಟಿಯೋ ಎಂಬ ಮೊದಲಿನ ಪ್ರಶ್ನೆಗೆ ಬರೋಣ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಒಂದು ಮಾತು ಹೇಳಿದರು: ಲೈಕೆನ್ ಒಂದು ಜೀವಿಯಲ್ಲ, ಶಿಲೀಂಧ್ರವೊಂದು ಪಾಚಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿರುವ ಜೋಡಿ. ಲೈಕೆನ್ ತಜ್ಞರಿಗೆ ಇದು ಸಹಿಸಲಾಗದ ಮಾತಾಯಿತು. ಆ ಕಾಲದ ಅತಿ ದೊಡ್ಡ ಲೈಕೆನ್ ತಜ್ಞ, ಫಿನ್ಲೆಂಡಿನ ವಿಲಿಯಂ ನೈಲಾಂಡರ್, ಸಾಯುವವರೆಗೂ ಒಪ್ಪಲಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ತಾವು ಜೀವಮಾನವಿಡೀ ಹೆಸರಿಟ್ಟದ್ದು ಒಂದು ಜೀವಿಗೆ ಎಂದುಕೊಂಡವರಿಗೆ ಅದು ಎರಡು ಎಂದರೆ ಆ ಹೆಸರು ಯಾರದು? ಗಂಡನದೋ ಹೆಂಡತಿಯದೋ, ಮನೆಯದೋ?

ಪ್ರಯೋಗಗಳು ಶ್ವೆಂಡನರ್ ಪರವಾಗಿ ನಿಂತವು. ಶಿಲೀಂಧ್ರ, ಪಾಚಿಗಳನ್ನು ಬೇರ್ಪಡಿಸಿ ಬೆಳೆಸಿದರು, ಮತ್ತೆ ಕೂಡಿಸಿದರು. ‘ಸಹಜೀವನ’ ಎಂಬ ಪರಿಕಲ್ಪನೆಯೇ 1870ರ ದಶಕದಲ್ಲಿ ಲೈಕೆನ್‌ಗಳನ್ನು ವಿವರಿಸುವ ಪ್ರಯತ್ನದಲ್ಲಿ ರೂಪುಗೊಂಡಿತು. ಹೆಸರಿನ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಬಹಳ ಕಾಲ ಹಿಡಿಯಿತು. ಕೊನೆಗೆ ಸಸ್ಯನಾಮಗಳ ಅಂತಾರಾಷ್ಟ್ರೀಯ ನಿಯಮಾವಳಿ ಅದನ್ನು ಬಗೆಹರಿಸಿತು: ಲೈಕೆನ್‌ಗೆ ಇಟ್ಟ ಹೆಸರು ಅದರ ಶಿಲೀಂಧ್ರದ ಹೆಸರು ಎಂದು ತಿಳಿಯತಕ್ಕದ್ದು, ಪಾಚಿಗೆ ಅದರದೇ ಪ್ರತ್ಯೇಕ ಹೆಸರು ಇರುತ್ತದೆ. ಟ್ರೆಬೌಕ್ಸಿಯಾ ಎಂಬ ಒಂದೇ ಪಾಚಿಕುಲ ಅಸಂಖ್ಯ ಲೈಕೆನ್‌ಗಳ ಒಳಗೆ ಇರುವುದರಿಂದ ಇದು ನ್ಯಾಯವಾದ ತೀರ್ಮಾನ. ಲೈಕೆನ್‌ನಿಂದ ಲೈಕೆನ್‌ಗೆ ಬದಲಾಗುವುದು ಮುಖ್ಯವಾಗಿ ಶಿಲೀಂಧ್ರ.

ಅಕಾರಿಯಸ್ ಆರಿಸಿಕೊಂಡ ಲಕ್ಷಣ ಯಾವುದು ಎಂದು ಇಲ್ಲಿ ನೆನೆಯಬೇಕು. ಆ ಬಟ್ಟಲುಗಳು, ಗೀರುಗಳು, ಗುಂಡಿಗಳು – ಎಲ್ಲವೂ ಶಿಲೀಂಧ್ರದ ಫಲಾಂಗಗಳು. ಬೀಜಕಣಗಳು ಹುಟ್ಟುವುದು ಅವುಗಳಲ್ಲಿ. ಪಾಚಿ ಲೈಕೆನ್‌ನೊಳಗೆ ಹಾಗೆ ಫಲ ಕೊಡುವುದೇ ಇಲ್ಲ. ತಮಗೆ ಗೊತ್ತಿಲ್ಲದೆಯೇ ಅಕಾರಿಯಸ್ ವರ್ಗ ಮಾಡಿದ್ದು ಶಿಲೀಂಧ್ರಗಳನ್ನು. ಹೀಗಾಗಿ ಹೆಸರು ಶಿಲೀಂಧ್ರದ್ದು ಎಂದು ನಿಯಮ ಬಂದಾಗ ಅವರ ಕುಲಗಳಿಗೆ ಧಕ್ಕೆಯಾಗಲಿಲ್ಲ. ಇದನ್ನು ಅದೃಷ್ಟ ಎನ್ನುವವರು ಎನ್ನಲಿ, ನನಗೆ ಹಾಗನಿಸುವುದಿಲ್ಲ. ಜೀವಿಯ ಸಂತಾನದ ಅಂಗವೇ ಅದರ ವಂಶವನ್ನು ಹೆಚ್ಚು ನಿಷ್ಠೆಯಿಂದ ತೋರಿಸುತ್ತದೆ ಎಂಬ ಪಾಠ ಅವರಿಗೆ ಗುರು ಲಿನೇಯಸ್‌ರಿಂದಲೇ ಬಂದದ್ದು. ಗುರು ಹೂಗಳಲ್ಲಿ ಮಾಡಿದ್ದನ್ನು ಶಿಷ್ಯ ಹೂವಿಲ್ಲದವುಗಳಲ್ಲಿ ಮಾಡಿದರು. ಗುರು ಮನಸ್ಸು ಕೊಡದ ಕಡೆಗೆ ಗುರುವಿನ ತತ್ವವನ್ನೇ ಕೊಂಡೊಯ್ದರು.

ಹಾಗೆಂದು ಅವರ ವ್ಯವಸ್ಥೆ ಹಾಗೆಯೇ ಉಳಿದಿದೆ ಎಂದರೆ ಸುಳ್ಳಾಗುತ್ತದೆ. ನೈಲಾಂಡರ್ 1866ರಲ್ಲಿ ರಾಸಾಯನಿಕ ಪರೀಕ್ಷೆ ತಂದರು: ಲೈಕೆನ್ ಮೇಲೆ ಕ್ಷಾರದ ಹನಿ ಅಥವಾ ಬ್ಲೀಚಿಂಗ್ ಪುಡಿಯ ದ್ರಾವಣದ ಹನಿ ಹಾಕಿದರೆ ಕೆಲವು ಕೆಂಪಾಗುತ್ತವೆ, ಕೆಲವು ಹಳದಿಯಾಗುತ್ತವೆ, ಕೆಲವು ಬದಲಾಗುವುದಿಲ್ಲ. ಕಣ್ಣಿಗೆ ಒಂದೇ ಎನಿಸಿದ್ದು ಎರಡಾಯಿತು. ಇತ್ತೀಚಿನ ದಶಕಗಳಲ್ಲಿ ಡಿಎನ್‌ಎ ಓದು ಇನ್ನಷ್ಟು ಬದಲಾಯಿಸಿತು. ಲೆಸಿಡಿಯಾ ಎಂಬ ಒಂದು ಹೆಸರಿನಡಿ ಕೂಡಿಸಿದ್ದ ಎಷ್ಟೋ ಪ್ರಭೇದಗಳು ದೂರದೂರದ ವಂಶಗಳವು ಎಂದು ತೋರಿತು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಕೆಲವು ಲೈಕೆನ್‌ಗಳ ಹೊರಚರ್ಮದಲ್ಲಿ ಮೂರನೆಯ ಪಾಲುದಾರನನ್ನು, ಯೀಸ್ಟ್ ರೂಪದ ಇನ್ನೊಂದು ಶಿಲೀಂಧ್ರವನ್ನು, ಕಂಡರು.

ಪಾರ್ಮೀಲಿಯಾದ ಕಥೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಮಸಾಲೆಗೆ ಹುರಿದು ಹಾಕುವ ಕಲ್ಲುಹೂವಿಗೆ, ಆಯುರ್ವೇದದ ಶೈಲೇಯಕ್ಕೆ, ಪುಸ್ತಕಗಳಲ್ಲಿ, ಪೊಟ್ಟಣಗಳ ಮೇಲೆ ಹೆಚ್ಚಾಗಿ ಕೊಡುವ ಹೆಸರು ‘ಪಾರ್ಮೀಲಿಯಾ ಪರ್ಲೇಟಾ’. ಈ ಲೈಕೆನ್ನನ್ನು 1762ರಲ್ಲಿ ಇಂಗ್ಲೆಂಡಿನ ವಿಲಿಯಂ ಹಡ್ಸನ್ ‘ಲೈಕೆನ್ ಪರ್ಲೇಟಸ್’ ಎಂದು ಕರೆದಿದ್ದರು. 1803ರಲ್ಲಿ ಅಕಾರಿಯಸ್ ತಮ್ಮ ಹೊಸ ಕುಲ ಪಾರ್ಮೀಲಿಯಾಕ್ಕೆ ತಂದರು. 1860ರಲ್ಲಿ ಮಸಲೊಂಗೊ ಪಾರ್ಮೋಟ್ರೀಮಾ ಎಂಬ ಕುಲ ಮಾಡಿದರು, 1952ರಲ್ಲಿ ಫ್ರಾನ್ಸಿನ ಶ್ವಾಜಿ ಇದನ್ನು ಅಲ್ಲಿಗೆ ಸೇರಿಸಿದರು. ಈಗ ಶಾಸ್ತ್ರ ಒಪ್ಪುವ ಹೆಸರು ‘ಪಾರ್ಮೋಟ್ರೀಮಾ ಪರ್ಲೇಟಮ್’. ಅಂಗಡಿಯ ಕಲ್ಲುಹೂವಿನಲ್ಲಿ ಅದೊಂದೇ ಇರುವುದಿಲ್ಲ, ಹಲವು ಪ್ರಭೇದಗಳು ಬೆರೆತಿರುತ್ತವೆ ಎಂಬುದನ್ನೂ ಸೇರಿಸಬೇಕು. ಶಾಸ್ತ್ರ ಮುಂದೆ ಹೋಗಿದೆ, ಮಾರುಕಟ್ಟೆ ಇನ್ನೂ ಅಕಾರಿಯಸ್‌ರ 1803ರ ಹೆಸರಿನಲ್ಲೇ ಇದೆ.

ಇನ್ನೊಂದು ನಂಟೂ ಇದೆ. ಥುನ್‌ಬರ್ಗ್ ದಕ್ಷಿಣ ಆಫ್ರಿಕಾದ ಒಂದು ಪುಟ್ಟ ಹೂಗಿಡಕ್ಕೆ ಅಕಾರಿಯಸ್‌ರ ಗೌರವಾರ್ಥ ‘ಅಕಾರಿಯಾ’ ಎಂದು ಹೆಸರಿಟ್ಟಿದ್ದರು. ಆ ಗಿಡದಿಂದ ಅಕಾರಿಯೇಸಿ ಎಂಬ ಕುಟುಂಬದ ಹೆಸರು ಬಂತು. ಡಿಎನ್‌ಎ ಆಧಾರದ ಮರುವಿಂಗಡಣೆಯಲ್ಲಿ ನಮ್ಮ ಪಶ್ಚಿಮಘಟ್ಟದ ಗರುಡಫಲದ ಮರ, ಒಂದು ಕಾಲದಲ್ಲಿ ಕುಷ್ಠರೋಗಕ್ಕೆ ಬೀಜದ ಎಣ್ಣೆ ಕೊಡುತ್ತಿದ್ದ ಹೈಡ್ನೋಕಾರ್ಪಸ್, ಈ ಕುಟುಂಬಕ್ಕೆ ಸೇರಿತು. ಸ್ವೀಡನ್ನಿನ ವೈದ್ಯರ ಹೆಸರು ನಮ್ಮ ಕಾಡಿನ ಔಷಧದ ಮರದ ಮೇಲೆ ಹೀಗೆ ಬಂದು ಕುಳಿತಿದೆ.

ಭಾರತದಲ್ಲಿ ಅಕಾರಿಯಸ್‌ರ ಕೆಲಸಕ್ಕೆ ಸಾಟಿಯಾದುದನ್ನು ಮಾಡಿದವರು ಲಖನೌ ವಿಶ್ವವಿದ್ಯಾಲಯದ ಧರಣಿಧರ ಅವಸ್ಥಿ. 1965ರಲ್ಲಿ ಅವರು ಭಾರತ, ನೇಪಾಳ, ಪಾಕಿಸ್ತಾನ, ಸಿಲೋನ್‌ಗಳ ಲೈಕೆನ್‌ಗಳ ಪಟ್ಟಿ ಮಾಡಿದರು. 1988ರಲ್ಲಿ ದೊಡ್ಡ ಲೈಕೆನ್‌ಗಳನ್ನು, 1991ರಲ್ಲಿ ತೊಗಟೆ, ಬಂಡೆಗೆ ಅಂಟಿಕೊಂಡಿರುವ ಸಣ್ಣ ಲೈಕೆನ್‌ಗಳನ್ನು ಗುರುತಿಸುವ ಕೀಲಿಗಳನ್ನು ಕೊಟ್ಟರು. ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿನವರೆಗೆ ಕೈಹಿಡಿದು ಕರೆದೊಯ್ಯುವ ಬರಹಕ್ಕೆ ಕೀಲಿ ಎನ್ನುತ್ತಾರೆ. ಕೊಡಗಿನಲ್ಲೋ ಆಗುಂಬೆಯಲ್ಲೋ ಲೈಕೆನ್ ಸಂಗ್ರಹಿಸುವ ಸಂಶೋಧಕರು ಇಂದಿಗೂ ಮೊದಲು ತೆರೆಯುವುದು ಅವನ್ನೇ. ಲೈಕೆನ್ ಶಾಸ್ತ್ರದಲ್ಲಿ ಜೀವಮಾನದ ಸಾಧನೆಗೆ ಅಂತಾರಾಷ್ಟ್ರೀಯ ಸಂಘ ಕೊಡುವ ಅಕಾರಿಯಸ್ ಪದಕ ಅವಸ್ಥಿಯವರಿಗೂ ಸಂದಿದೆ.

ನಮ್ಮ ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ ಇದೆ. ಪಠ್ಯದಲ್ಲಿ ಲೈಕೆನ್‌ಗೆ ಸಿಗುವುದು ಒಂದೆರಡು ಪುಟ. ಆ ಪುಟಗಳನ್ನು ಕಪ್ಪು ಹಲಗೆಯ ಮೇಲೆ ಮುಗಿಸಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ದುಬಾರಿಯಲ್ಲ. ಅದನ್ನು ಕೊಟ್ಟು ವಿದ್ಯಾರ್ಥಿಗಳನ್ನು ಹತ್ತಿರದ ತೋಟಕ್ಕೋ ಬಂಡೆಗೋ ಕರೆದುಕೊಂಡು ಹೋಗಿ. ಬಟ್ಟಲಿನ ಅಂಚು ಮೈಬಣ್ಣದ್ದೋ ಬಿಲ್ಲೆಯ ಬಣ್ಣದ್ದೋ ಎಂದು ನೋಡಿ ಬರೆಯಲು ಹೇಳಿ, ಚಿತ್ರ ಬಿಡಿಸಲು ಹೇಳಿ. ಕೆರೆದು ರಾಶಿ ಹಾಕುವುದು ಬೇಡ. ಲೈಕೆನ್‌ಗಳಲ್ಲಿ ಹೆಚ್ಚಿನವು ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತವೆ. ಒಂದು ಚೂರು ಸಾಕು. ಅದನ್ನು ಕಾಗದದ ಲಕೋಟೆಯಲ್ಲಿಟ್ಟು ಊರು, ಮರ, ದಿನಾಂಕ ಬರೆದು ಕಾಲೇಜಿನ ಸಂಗ್ರಹದಲ್ಲಿ ಜೋಪಾನ ಮಾಡಿ. ಈ ಮಳೆಗಾಲ ಮುಗಿದ ಮೇಲೆ ಒಂದು ತರಗತಿಯನ್ನಾದರೂ ಹೀಗೆ ಹೊರಗೆ ನಡೆಸಿ.